ಜರ್ಮನ್ ಓದಬೇಕು ಅಂದರೆ ಯಾವ ಜರ್ಮನ್?

“ಜರ್ಮನ್ ಕಲಿಯಬೇಕು, ಯಾವ ಆ್ಯಪ್ ಒಳ್ಳೇದು?” ಮೈಸೂರು, ಮಂಡ್ಯದ ಕಾಲೇಜು ಹುಡುಗರು, ಹುಡುಗಿಯರು ಸಾಮಾನ್ಯವಾಗಿ ಈ ಪ್ರಶ್ನೆಯಿಂದಲೇ ಶುರು ಮಾಡುತ್ತಾರೆ. ಕೇಳಬೇಕಾದ ಪ್ರಶ್ನೆಯೇ, ಆದರೆ ಅದರ ಸರದಿ ಎರಡನೆಯದು. ಮೊದಲು ಗೊತ್ತಾಗಬೇಕಾದ್ದು ಜರ್ಮನ್ ಯಾವುದಕ್ಕೆ ಬೇಕು ಅನ್ನೋದು. ಅದು ಸ್ಪಷ್ಟ ಇಲ್ಲದಿದ್ದರೆ ಫೋನಿನಲ್ಲಿ ಐದಾರು ಆ್ಯಪ್ ಬಂದು ಕೂರುತ್ತವೆ, ಒಂದು ಟ್ಯೂಷನ್‌ಗೆ ದುಡ್ಡು ಕಟ್ಟಿ ಆಗಿರುತ್ತದೆ, ಆರು ತಿಂಗಳು ಕಳೆದರೂ “ಗೂಟೆನ್ ಮೋರ್ಗೆನ್” ದಾಟಿರುವುದಿಲ್ಲ.

“ಜರ್ಮನ್ ಓದ್ತಿದ್ದೀನಿ” ಎಂಬ ಒಂದೇ ಮಾತಿನಲ್ಲಿ ಮೂರು ದಾರಿಗಳು ಸೇರಿಕೊಂಡಿವೆ. ಒಂದು, ಭಾಷೆ ಕಲಿತು, ಪರೀಕ್ಷೆ ಬರೆದು, ಸರ್ಟಿಫಿಕೇಟ್ ತೆಗೆದುಕೊಳ್ಳುವುದು. ಇನ್ನೊಂದು, ಜರ್ಮನ್ ಭಾಷೆ ಮತ್ತು ಸಾಹಿತ್ಯವನ್ನೇ ವಿಷಯವಾಗಿ ಇಟ್ಟುಕೊಂಡು ಬಿಎ, ಎಂಎ ಮಾಡುವುದು. ಮೂರನೆಯದು, ಜರ್ಮನಿಗೆ ಹೋಗಿ ಎಂಜಿನಿಯರಿಂಗೋ ಬಯಾಲಜಿಯೋ ಓದುವುದು. ಮೂರಕ್ಕೂ ಬೇಕಾದ ಮಟ್ಟ ಬೇರೆ, ಸಮಯ ಬೇರೆ, ಓದುವ ಪುಸ್ತಕವೂ ಬೇರೆ. ನೆರೆಮನೆಯ ಅಕ್ಕ ಗಂಡನ ಜೊತೆ ಮ್ಯೂನಿಕ್‌ಗೆ ಹೋಗಲು ಮೂರು ತಿಂಗಳು ಕಲಿತ ಜರ್ಮನ್ನೇ ಬೇರೆ, ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಜರ್ಮನ್ ಮಾಧ್ಯಮದಲ್ಲಿ ಪಾಠ ಕೇಳಲು ಬೇಕಾದ ಜರ್ಮನ್ನೇ ಬೇರೆ. ಇದನ್ನು ಬಿಡಿಸಿ ಹೇಳುವವರು ಕಡಿಮೆ.

ಎ1ರಿಂದ ಸಿ2ವರೆಗೆ

ಯುರೋಪಿನ ಭಾಷೆಗಳಲ್ಲಿ ಒಬ್ಬರ ಮಟ್ಟ ಎಷ್ಟು ಎಂದು ಅಳೆಯಲು ಯುರೋಪ್ ಕೌನ್ಸಿಲ್ 2001ರಲ್ಲಿ ಒಂದು ಚೌಕಟ್ಟು ಪ್ರಕಟಿಸಿತು. ಅದರಲ್ಲಿ ಆರು ಹಂತ: ಎ1, ಎ2, ಬಿ1, ಬಿ2, ಸಿ1, ಸಿ2. ಜರ್ಮನ್ ಕಲಿಕೆಯ ಪುಸ್ತಕ, ಪರೀಕ್ಷೆ, ವೀಸಾ ನಿಯಮ ಎಲ್ಲವೂ ಈ ಆರು ಅಕ್ಷರ–ಅಂಕಿಗಳ ಮೇಲೇ ನಿಂತಿವೆ.

ಎ1 ಅಂದರೆ ಹೆಸರು, ಊರು, ಕೆಲಸ ಹೇಳುವುದು, ಟಿಕೆಟ್ ಕೇಳುವುದು, ಒಂದು ಫಾರಂ ತುಂಬುವುದು. ಬಿ1ಕ್ಕೆ ಬಂದಾಗ ಬಾಡಿಗೆ ಮನೆಯ ಯಜಮಾನರಿಗೆ ನಲ್ಲಿ ಸೋರುತ್ತಿದೆ ಎಂದು ಪತ್ರ ಬರೆಯಬಹುದು, ಒಂದು ವಿಷಯದ ಮೇಲೆ ನಿಮ್ಮ ಅಭಿಪ್ರಾಯ ಹೇಳಬಹುದು. ಬಿ2 ಇದ್ದರೆ ಕಚೇರಿಯ ಮೀಟಿಂಗ್ ನಡೆಯುತ್ತಿರುವಾಗ ಸುಮ್ನೆ ತಲೆಯಾಡಿಸದೆ ಮಧ್ಯೆ ಮಾತಾಡಬಹುದು. ಸಿ1ರಲ್ಲಿ ವಿಶ್ವವಿದ್ಯಾಲಯದ ಪಾಠ ಕೇಳಿ ನೋಟ್ಸ್ ಬರೆಯುವಷ್ಟು ಭಾಷೆ ಇರುತ್ತದೆ. ಸಿ2 ಬಹಳ ಜನರಿಗೆ ಬೇಕಾಗುವುದೇ ಇಲ್ಲ.

ಎಷ್ಟು ಸಮಯ ಹಿಡಿಯುತ್ತದೆ? 1951ರಲ್ಲಿ ಶುರುವಾದ, ಜರ್ಮನ್ ಕಲಿಸುವ ಗೋಥೆ ಇನ್‌ಸ್ಟಿಟ್ಯೂಟ್ 45 ನಿಮಿಷದ ಪೀರಿಯಡ್‌ಗಳ ಲೆಕ್ಕದಲ್ಲಿ ಒಂದು ಅಂದಾಜು ಕೊಡುತ್ತದೆ. ಎ1ಕ್ಕೆ 80ರಿಂದ 200 ಪೀರಿಯಡ್. ಸೊನ್ನೆಯಿಂದ ಬಿ1ವರೆಗೆ 350ರಿಂದ 650. ಬಿ2ವರೆಗೆ 600ರಿಂದ 800. ಸಿ1ವರೆಗೆ 800ರಿಂದ 1000. ಬಿ1ದನ್ನೇ ಗಂಟೆಗೆ ಇಳಿಸಿ ನೋಡಿ: ಸುಮಾರು 260ರಿಂದ 490 ಗಂಟೆ. ದಿನಕ್ಕೆ ಎರಡು ಗಂಟೆ, ಒಂದು ದಿನವೂ ತಪ್ಪಿಸದೆ ಕೂತರೆ ನಾಲ್ಕೂವರೆ ತಿಂಗಳಿಂದ ಎಂಟು ತಿಂಗಳು. “30 ದಿನದಲ್ಲಿ ಬಿ1” ಎಂಬ ಬೋರ್ಡ್ ಎಲ್ಲಾದರೂ ಕಂಡರೆ ಈ ಲೆಕ್ಕ ಹಾಕಿ, ಮುಂದೆ ನಡೆಯಿರಿ.

ಯಾರಿಗೆ ಯಾವ ಹಂತ ಬೇಕು ಅನ್ನೋದಕ್ಕೂ ಉತ್ತರ ಇದೆ. ಜರ್ಮನಿಯಲ್ಲಿರುವ ಗಂಡ ಅಥವಾ ಹೆಂಡತಿಯ ಜೊತೆ ಸೇರಲು ವೀಸಾ ಕೇಳುವವರಿಗೆ ಸಾಮಾನ್ಯವಾಗಿ ಎ1 ಸರ್ಟಿಫಿಕೇಟ್ ಬೇಕು. ಸಂಗಾತಿ ಬ್ಲೂ ಕಾರ್ಡ್ ಮೇಲೆ, ಅಂದರೆ ಹೆಚ್ಚು ಓದಿದ ಉದ್ಯೋಗಿಗಳಿಗೆ ಕೊಡುವ ಪರವಾನಗಿ ಮೇಲೆ, ಕೆಲಸ ಮಾಡುತ್ತಿದ್ದರೆ ಈ ಕಡ್ಡಾಯ ಇಲ್ಲ. ಎಷ್ಟೋ ಮನೆಗಳಲ್ಲಿ ಇದು ಗೊತ್ತಿಲ್ಲದೆ, ಮದುವೆಯಾದ ಮರುದಿನದಿಂದಲೇ ಹುಡುಗಿಗೆ ಪರೀಕ್ಷೆಯ ಒತ್ತಡ ಬೀಳುತ್ತದೆ. ಕೆಲಸ ಹುಡುಕಲು ಹೋಗುವವರಿಗೆ 2024ರ ಜೂನ್‌ನಿಂದ ಚಾನ್ಸೆನ್‌ಕಾರ್ಟೆ ಎಂಬ ಪರವಾನಗಿ ಬಂದಿದೆ. ಅದಕ್ಕೆ ಜರ್ಮನ್ ಎ1 ಇರಬೇಕು, ಇಲ್ಲವೇ ಇಂಗ್ಲಿಷ್ ಬಿ2. ನರ್ಸಿಂಗ್ ಮುಗಿಸಿದವರಿಗೆ ಅಲ್ಲಿ ಪೂರ್ತಿ ನರ್ಸ್ ಆಗಿ ಮಾನ್ಯತೆ ಸಿಗಲು ಸಾಮಾನ್ಯವಾಗಿ ಬಿ2 ಕೇಳುತ್ತಾರೆ. ಇಂಗ್ಲಿಷ್ ಮಾಧ್ಯಮದ ಎಂಎಸ್‌ಗೆ ಹಲವು ಕಡೆ ಜರ್ಮನ್ ಬೇಕೇ ಇಲ್ಲ. ಆದರೂ ಎ2 ಇಲ್ಲದೆ ಹೋದರೆ ಮನೆ ಹುಡುಕುವುದು, ಪಾರ್ಟ್‌ಟೈಮ್ ಕೆಲಸ ಹಿಡಿಯುವುದು ಎರಡೂ ಒದ್ದಾಟ. ಜರ್ಮನ್ ಮಾಧ್ಯಮದಲ್ಲಿ ಡಿಗ್ರಿ ಓದುವುದಾದರೆ ಸಿ1ರ ಆಸುಪಾಸಿಗೆ ಬರಲೇಬೇಕು. ಅದಕ್ಕೆ ಟೆಸ್ಟ್‌ಡಾಫ್ ಎಂಬ ಪರೀಕ್ಷೆ ಇದೆ. ನಾಲ್ಕೂ ಭಾಗದಲ್ಲಿ 4ನೇ ಮಟ್ಟ ಬಂದರೆ ಹೆಚ್ಚಿನ ವಿಶ್ವವಿದ್ಯಾಲಯಗಳು ಒಪ್ಪುತ್ತವೆ. ಅಲ್ಲಿನ ವಿಶ್ವವಿದ್ಯಾಲಯಗಳೇ ನಡೆಸುವ ಡಿಎಸ್‌ಎಚ್ ಎಂಬ ಪರೀಕ್ಷೆಯೂ ಇದೆ.

ಜರ್ಮನ್ನಲ್ಲೇ ಡಿಗ್ರಿ

ಇಲ್ಲಿ ಒಂದು ಗೊಂದಲ ಮೊದಲೇ ಬಿಡಿಸಿಕೊಳ್ಳಬೇಕು. ಬಿಎ ಜರ್ಮನ್ ಅಂದರೆ ದೀರ್ಘವಾದ ಸ್ಪೋಕನ್ ಜರ್ಮನ್ ಕ್ಲಾಸ್ ಎಂದು ಬಹಳ ಜನ ತಿಳಿದಿದ್ದಾರೆ. ಮೊದಲ ವರ್ಷ ಹಾಗೇ ಕಾಣುತ್ತದೆ ಕೂಡ, ಅಕ್ಷರಮಾಲೆಯಿಂದ ಹಿಡಿದು ಭಾಷೆಯೇ ಜಾಸ್ತಿ. ಆಮೇಲೆ ಸಾಹಿತ್ಯ ಚರಿತ್ರೆ, ಭಾಷಾವಿಜ್ಞಾನ, ಅನುವಾದ, ಆ ನಾಡಿನ ಸಮಾಜ ಮತ್ತು ಇತಿಹಾಸ ಬರುತ್ತವೆ. ಕಾಫ್ಕನ ಕಥೆಯನ್ನೋ ಬ್ರೆಕ್ಟ್‌ನ ನಾಟಕವನ್ನೋ ಮೂಲದಲ್ಲಿ ಓದಿ ಅದರ ಬಗ್ಗೆ ಜರ್ಮನ್‌ನಲ್ಲೇ ಬರೆಯಬೇಕು. ಕನ್ನಡ ಎಂಎ ಮಾಡಿದವರಿಗೆ ಇದರ ಸ್ವರೂಪ ತಕ್ಷಣ ಅರ್ಥವಾಗುತ್ತದೆ. ಕಥೆ, ಕವಿತೆ ಓದುವುದರಲ್ಲಿ ಆಸಕ್ತಿ ಇಲ್ಲದವರು, ಕಂಪನಿ ಕೆಲಸಕ್ಕಷ್ಟೇ ಭಾಷೆ ಬೇಕು ಅನ್ನುವವರು, ಈ ದಾರಿಗೆ ಬಂದು ಬೇಸರ ಪಟ್ಟುಕೊಳ್ಳುವುದು ಬೇಡ. ಅವರಿಗೆ ಬಿ2 ಸರ್ಟಿಫಿಕೇಟ್ ಸಾಕು.

ನಿಜವಾಗಿ ಇದನ್ನೇ ಓದಬೇಕು ಅನ್ನುವವರು ಊರು ಬಿಡಲು ತಯಾರಿರಬೇಕು. ದೆಹಲಿಯ ಜೆಎನ್‌ಯುನಲ್ಲಿ ಜರ್ಮನ್ ಬಿಎ ಆನರ್ಸ್ ಇದೆ. ಪ್ರವೇಶ ಸಿಯುಇಟಿ ಎಂಬ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆಯ ಮೂಲಕ, ಮೊದಲೇ ಜರ್ಮನ್ ಬರಬೇಕಾಗಿಲ್ಲ. ಹೈದರಾಬಾದಿನ ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯ, ಅಂದರೆ ಇಫ್ಲು, ನಮಗೆ ಹತ್ತಿರದ ದೊಡ್ಡ ಕೇಂದ್ರ. ದೆಹಲಿ ವಿಶ್ವವಿದ್ಯಾಲಯ, ಪುಣೆ, ಮುಂಬೈ, ಬನಾರಸ್ ಹಿಂದೂ ವಿಶ್ವವಿದ್ಯಾಲಯಗಳಲ್ಲೂ ಜರ್ಮನ್ ವಿಭಾಗಗಳಿವೆ.

ಊರಲ್ಲೇ ಇದ್ದು ಬೇರೆ ಡಿಗ್ರಿಯ ಜೊತೆ ಕಲಿಯುವವರಿಗೆ ಸ್ವಯಂ ಮತ್ತು ಎನ್‌ಪಿಟೆಲ್ ಎಂಬ ಸರ್ಕಾರಿ ಆನ್‌ಲೈನ್ ಕೋರ್ಸ್ ತಾಣಗಳಿವೆ. ಅಲ್ಲಿ ಐಐಟಿ ಮದ್ರಾಸ್‌ನ ಜರ್ಮನ್ ಕೋರ್ಸ್ ಸಿಗುತ್ತದೆ. ಪಾಠ ಉಚಿತ, ಪರೀಕ್ಷೆಗೆ ಮಾತ್ರ ಶುಲ್ಕ. ಕ್ರೆಡಿಟ್ ಆಗಿ ಲೆಕ್ಕಕ್ಕೆ ಬರುತ್ತದೆಯೇ ಎಂದು ನಿಮ್ಮ ಕಾಲೇಜಿನ ಪರೀಕ್ಷಾ ವಿಭಾಗದಲ್ಲಿ ಮೊದಲೇ ಕೇಳಿಕೊಳ್ಳಿ. ಕ್ರೆಡಿಟ್ ಸಿಕ್ಕರೂ ವೀಸಾಕ್ಕೆ ಅದು ನಡೆಯುವುದಿಲ್ಲ. ಕಾನ್ಸುಲೇಟ್ ಕೇಳುವುದು ಗೋಥೆ, ಟೆಲ್ಕ್, ಟೆಸ್ಟ್‌ಡಾಫ್‌ನಂಥ ಮಾನ್ಯ ಪರೀಕ್ಷೆಯ ಕಾಗದವನ್ನು. ವಿಶ್ವವಿದ್ಯಾಲಯದ ಡಿಪ್ಲೊಮಾ ಮಾಡಿದವರೂ ಕೊನೆಗೆ ಆ ಪರೀಕ್ಷೆ ಬರೆಯಲೇಬೇಕು ಎಂದು ಮೊದಲೇ ಗೊತ್ತಿದ್ದರೆ ಒಳ್ಳೆಯದು.

ಇನ್ನೊಂದು ಮಾತು, ಇತಿಹಾಸ ಓದುವವರಿಗೆ. ಕರ್ನಾಟಕದ ಹತ್ತೊಂಬತ್ತನೇ ಶತಮಾನದ ಬಗ್ಗೆ ಕಂತೆಗಟ್ಟಲೆ ಪತ್ರ, ವರದಿಗಳು ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ, ಬಾಸೆಲ್ ಮಿಷನ್‌ನ ದಾಖಲೆ ಸಂಗ್ರಹದಲ್ಲಿ ಇವೆ. ಬಹುಪಾಲು ಜರ್ಮನ್‌ನಲ್ಲಿ. ಕಿಟೆಲ್ 1894ರಲ್ಲಿ ನಿಘಂಟು ಹೊರತಂದದ್ದು ಎಲ್ಲರಿಗೂ ಗೊತ್ತು, ಆದರೆ ಆ ಮಿಷನ್‌ನವರು ಊರಿಗೆ ಬರೆದ ಕಾಗದಗಳನ್ನು ನೇರ ಓದಬಲ್ಲ ಕನ್ನಡಿಗರು ಬಹಳ ಕಡಿಮೆ. ಅವು ಇರುವುದು ಕುರ್ರೆಂಟ್ ಎಂಬ ಹಳೆಯ ಕೈಬರಹದಲ್ಲಿ. ಇವತ್ತಿನ ಜರ್ಮನರಿಗೇ ಅದನ್ನು ಓದಲು ಪ್ರತ್ಯೇಕ ಅಭ್ಯಾಸ ಬೇಕು. ಮಾನಸಗಂಗೋತ್ರಿಯಲ್ಲಿ ಇತಿಹಾಸವೋ ಕನ್ನಡವೋ ಎಂಎ ಮಾಡುತ್ತಾ ಪಕ್ಕದಲ್ಲಿ ಜರ್ಮನ್ ಬೆಳೆಸಿಕೊಂಡವರಿಗೆ ಇಲ್ಲಿ ಪಿಎಚ್‌ಡಿಗೆ ವಿಷಯ ಹುಡುಕಿಕೊಂಡು ಅಲೆಯಬೇಕಾಗಿಲ್ಲ. ಬರೀ ಬಿಎ ಜರ್ಮನ್‌ಗಿಂತ “ಜರ್ಮನ್ ಜೊತೆಗೆ ಇನ್ನೊಂದು” ಮೇಲು ಅನ್ನುವುದು ನನ್ನ ಅಭಿಪ್ರಾಯ. ಆ ಇನ್ನೊಂದು ಇತಿಹಾಸವಾಗಬಹುದು, ಮೆಕ್ಯಾನಿಕಲ್ ಆಗಬಹುದು, ಅಕೌಂಟ್ಸ್ ಆಗಬಹುದು.

ವ್ಯಾಕರಣಕ್ಕೆ ಕನ್ನಡದ ಕಡೆಯಿಂದ ಹೋಗಿ

ನಮ್ಮ ಕೈಗೆ ಸಿಗುವ ಜರ್ಮನ್ ಪಾಠಗಳು ಬಹುತೇಕ ಇಂಗ್ಲಿಷ್ ಮೂಲಕ ಕಲಿಸುತ್ತವೆ. ಹಾಗಾಗಿ ಇಂಗ್ಲಿಷ್ ಮಾತ್ರ ಬರುವವರಿಗೆ ಯಾವುದು ಕಷ್ಟವೋ ಅದು ನಮಗೂ ಕಷ್ಟ ಎಂದು ನಂಬಿಕೊಂಡುಬಿಡುತ್ತೇವೆ. ಎಲ್ಲರೂ ಹೆದರುವ ವಿಭಕ್ತಿಯನ್ನೇ ತೆಗೆದುಕೊಳ್ಳಿ. ನಾಮಿನೇಟಿವ್, ಅಕ್ಯುಸೇಟಿವ್, ಡೇಟಿವ್, ಜೆನಿಟಿವ್ ಎಂದು ಕೇಳಿದರೆ ತಲೆ ತಿರುಗುತ್ತದೆ. ಆದರೆ ಅವು ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿದ ಪ್ರಥಮಾ, ದ್ವಿತೀಯಾ, ಚತುರ್ಥೀ, ಷಷ್ಠೀ ತಾನೇ. ಉ, ಅನ್ನು, ಗೆ, ಅ. ನಮ್ಮಲ್ಲಿ ಏಳು ಇವೆ, ಅವರಲ್ಲಿ ನಾಲ್ಕೇ.

“ಇಶ್ ಹೆಲ್ಫೆ ಡೀರ್” ಅಂದರೆ ನಾನು ನಿನಗೆ ಸಹಾಯ ಮಾಡುತ್ತೇನೆ. ‘ಸಹಾಯ ಮಾಡು’ ಎಂಬ ಕ್ರಿಯಾಪದಕ್ಕೆ ಚತುರ್ಥಿಯೇ ಯಾಕೆ ಬರುತ್ತದೆ ಎಂದು ಇಂಗ್ಲಿಷ್ ಪುಸ್ತಕ ಒಂದು ಪಟ್ಟಿ ಕೊಟ್ಟು ಬಾಯಿಪಾಠ ಮಾಡಿ ಅನ್ನುತ್ತದೆ. ಕನ್ನಡದವರಿಗೆ ಆ ಪಟ್ಟಿ ಯಾಕೆ? ‘ನಿನ್ನನ್ನು ಸಹಾಯ’ ಎಂದು ನಾವು ಯಾವತ್ತೂ ಹೇಳಿಲ್ಲ. “ಮೀರ್ ಇಸ್ಟ್ ಕಲ್ಟ್” ಅಂದರೆ ನನಗೆ ಚಳಿ. “ಡಸ್ ಬೂಖ್ ಗೆಫೆಲ್ಟ್ ಮೀರ್” ಅಂದರೆ ಈ ಪುಸ್ತಕ ನನಗೆ ಇಷ್ಟ. ಇಲ್ಲೂ ‘ನನಗೆ’ಯೇ. ಪೂರ್ತಿ ಹೀಗೇ ಹೊಂದುತ್ತದೆ ಎಂದು ಮಾತ್ರ ತಿಳಿಯಬೇಡಿ. ನಮಗೆ ‘ನನಗೆ ಹಸಿವು’, ಅವರಿಗೆ “ಇಶ್ ಹಾಬೆ ಹುಂಗರ್”, ಅಂದರೆ ಹಸಿವು ಇರುವವನು ‘ನಾನು’. ಇಂಥ ಕಡೆಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಆ ಪಟ್ಟಿ ಚಿಕ್ಕದಾಗಿರುತ್ತದೆ, ನಿಮ್ಮದೇ ಆಗಿರುತ್ತದೆ.

ವ್ಯತ್ಯಾಸ ಇರುವುದು ವಿಭಕ್ತಿ ಎಲ್ಲಿ ಕಾಣಿಸುತ್ತದೆ ಅನ್ನುವುದರಲ್ಲಿ. ನಮ್ಮಲ್ಲಿ ಪ್ರತ್ಯಯ ನಾಮಪದದ ಬಾಲಕ್ಕೆ ಅಂಟುತ್ತದೆ. ಜರ್ಮನ್‌ನಲ್ಲಿ ಮುಖ್ಯವಾಗಿ ನಾಮಪದದ ಮುಂದಿರುವ ಡೇರ್, ಡೀ, ಡಸ್ ಎಂಬ ಪುಟ್ಟ ಪದಗಳು ರೂಪ ಬದಲಿಸುತ್ತವೆ. “ಇನ್ ಡೀ ಶೂಲೆ” ಅಂದರೆ ಶಾಲೆಗೆ, “ಇನ್ ಡೇರ್ ಶೂಲೆ” ಅಂದರೆ ಶಾಲೆಯಲ್ಲಿ. ಹೋಗುವುದೋ ಇರುವುದೋ ಅನ್ನುವ ಭೇದ ನಮ್ಮ ಕಿವಿಗೆ ಹೊಸದಲ್ಲ, ಬೇಕಾದ್ದು ರೂಪ ಮಾತ್ರ. ಇಲ್ಲಿ ಒಂದು ಕೊಕ್ಕೆ ಇದೆ: ನಮ್ಮ ‘ಗೆ’ ಇರುವ ಈ ಜಾಗದಲ್ಲಿ ಅವರು ಬಳಸುವುದು ದ್ವಿತೀಯೆ, ‘ಅಲ್ಲಿ’ ಇರುವ ಜಾಗದಲ್ಲಿ ಚತುರ್ಥಿ.

ವಾಕ್ಯದ ಕಟ್ಟಣೆಯಲ್ಲೂ ಹೀಗೇ ಅರ್ಧ ಸುಲಭ, ಅರ್ಧ ಕಷ್ಟ. ಜರ್ಮನ್‌ನ ಅಧೀನ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಹೋಗುತ್ತದೆ. “ವೈಲ್ ಇಶ್ ಕ್ರಂಕ್ ಬಿನ್” ಅನ್ನುವಾಗ ಪದಗಳ ಸಾಲು ‘ಯಾಕಂದರೆ ನಾನು ಕಾಯಿಲೆ ಇದ್ದೇನೆ’. “ಇಶ್ ಮುಸ್ ಮೋರ್ಗೆನ್ ನಾಖ್ ಮಂಡ್ಯ ಫಾರೆನ್” ಅನ್ನುವಾಗಲೂ ‘ನಾಳೆ ಮಂಡ್ಯಕ್ಕೆ ಹೋಗು’ ಎಂಬ ನಮ್ಮ ಸಾಲೇ ಕೊನೆಯಲ್ಲಿದೆ. ಕಷ್ಟ ಆಗುವುದು ಸರಳ ವಾಕ್ಯದಲ್ಲೇ. ಅಲ್ಲಿ ಕ್ರಿಯಾಪದ ಎರಡನೇ ಜಾಗ ಬಿಟ್ಟು ಕದಲುವುದಿಲ್ಲ. “ಹೊಯ್ಟೆ ಫಾರೆ ಇಶ್ ನಾಖ್ ಮಂಡ್ಯ”: ಇವತ್ತು, ಹೋಗುತ್ತೇನೆ, ನಾನು, ಮಂಡ್ಯಕ್ಕೆ. ಮೊದಲ ಜಾಗಕ್ಕೆ ಯಾವ ಪದ ಬಂದರೂ ಎರಡನೆಯದು ಕ್ರಿಯಾಪದಕ್ಕೇ. ಅಭ್ಯಾಸ ಮಾಡುವುದಾದರೆ ಇದನ್ನು ಮಾಡಿ.

ಲಿಂಗ ಮಾತ್ರ ನಿಜವಾದ ತಲೆನೋವು. ಕನ್ನಡದಲ್ಲಿ ಲಿಂಗ ಅರ್ಥದ ಹಿಂದೆ ಹೋಗುತ್ತದೆ. ಜರ್ಮನ್‌ನಲ್ಲಿ ಮೇಜು ಪುಲ್ಲಿಂಗ, ದೀಪ ಸ್ತ್ರೀಲಿಂಗ, ಪುಸ್ತಕ ನಪುಂಸಕ, ಹುಡುಗಿಯೂ ನಪುಂಸಕ. ಎಸ್ಸೆಸ್ಸೆಲ್ಸಿಯಲ್ಲಿ ಸಂಸ್ಕೃತ ತೆಗೆದುಕೊಂಡಿದ್ದವರು ಮೈಸೂರಿನಲ್ಲಿ ಬೇಕಾದಷ್ಟು ಜನ ಇದ್ದಾರೆ, ಅವರಿಗೆ ಇದು ಹೊಸ ಆಘಾತ ಅಲ್ಲ. ಹೆಂಡತಿ ಎಂಬ ಒಂದೇ ಅರ್ಥಕ್ಕೆ ಅಲ್ಲಿ ‘ಭಾರ್ಯಾ’ ಸ್ತ್ರೀಲಿಂಗ, ‘ದಾರಾ’ ಪುಲ್ಲಿಂಗ, ‘ಕಲತ್ರ’ ನಪುಂಸಕ ಅಲ್ವಾ? ಉಪಾಯ ಒಂದೇ: ಪದವನ್ನು ಒಂಟಿಯಾಗಿ ಬರೆಯಬೇಡಿ, ಪುಲ್ಲಿಂಗಕ್ಕೆ ಡೇರ್, ಸ್ತ್ರೀಲಿಂಗಕ್ಕೆ ಡೀ, ನಪುಂಸಕಕ್ಕೆ ಡಸ್ ಸೇರಿಸಿಯೇ ಬರೆಯಿರಿ, ಬಹುವಚನವನ್ನೂ ಪಕ್ಕದಲ್ಲೇ. ಕೆಲವು ಕಡೆ ಪದದ ಕೊನೆ ಸುಳಿವು ಕೊಡುತ್ತದೆ. ‘ಉಂಗ್’, ‘ಹೈಟ್’, ‘ಕೈಟ್’ ಪ್ರತ್ಯಯ ಸೇರಿ ಆದವು ಸ್ತ್ರೀಲಿಂಗ, ಚಿಕ್ಕದು ಎಂದು ಸೂಚಿಸುವ ‘ಷೆನ್’ ಬಂದರೆ ನಪುಂಸಕ. ಹುಡುಗಿ, ‘ಮೇಡ್‌ಷೆನ್’, ನಪುಂಸಕ ಆದದ್ದು ಹೀಗೆ.

ಉದ್ದುದ್ದ ಪದಗಳ ವಿಷಯದಲ್ಲಿ ಮತ್ತೆ ಹೈಸ್ಕೂಲು ವ್ಯಾಕರಣ ಕೈ ಹಿಡಿಯುತ್ತದೆ. ‘ಕ್ರಂಕೆನ್‌ಫೆರ್‌ಜಿಷೆರುಂಗ್ಸ್‌ಕಾರ್ಟೆ’ ಅಂದರೆ ಆರೋಗ್ಯ ವಿಮೆಯ ಕಾರ್ಡು. ಇದು ಸಮಾಸ, ಅದರಲ್ಲೂ ತತ್ಪುರುಷ. ತತ್ಪುರುಷದಲ್ಲಿ ಉತ್ತರಪದ ಪ್ರಧಾನ ಎಂದು ಮೇಷ್ಟ್ರು ಹೇಳಿಕೊಟ್ಟದ್ದು ಇಲ್ಲಿ ಹಾಗೇ ನಡೆಯುತ್ತದೆ. ಕೊನೆಯ ಪದ ‘ಕಾರ್ಟೆ’ ಸ್ತ್ರೀಲಿಂಗ, ಹಾಗಾಗಿ ಇಡೀ ಪದ ಸ್ತ್ರೀಲಿಂಗ. ಹಿಂದಿನಿಂದ ಬಿಡಿಸುತ್ತಾ ಬಂದರೆ ಎಷ್ಟು ಉದ್ದದ ಪದವಾದರೂ ಅರ್ಥವಾಗುತ್ತದೆ.

ಉಚ್ಚಾರಣೆ ನಮಗೆ ಅಷ್ಟು ತೊಂದರೆ ಕೊಡುವುದಿಲ್ಲ. ಹ್ರಸ್ವ, ದೀರ್ಘ ನಮಗೆ ಗೊತ್ತು, ಬರೆದಂತೆ ಓದುವುದೂ ಗೊತ್ತು. ತುಟಿ ದುಂಡಗೆ ಮಾಡಿ ‘ಇ’, ‘ಎ’ ಹೇಳುವ ಎರಡು ಸ್ವರಗಳಿಗೆ ಸ್ವಲ್ಪ ಬೆವರಬೇಕು. ಸಂಖ್ಯೆಗಳಲ್ಲಿ 45 ಅನ್ನೋದನ್ನು ‘ಐದು ಮತ್ತು ನಲವತ್ತು’ ಅನ್ನುತ್ತಾರೆ. ಹಿಂದಿ, ಸಂಸ್ಕೃತದ ಎಣಿಕೆ ಬರುವವರಿಗೆ ಅದೂ ಪರಿಚಿತವೇ.

ಸಾಮಗ್ರಿ ಬೇಕಾದಷ್ಟಿದೆ, ಆರಿಸಿಕೊಳ್ಳುವುದು ಹೇಗೆ?

ಒಂದು ಪಠ್ಯಪುಸ್ತಕ ಬೆನ್ನೆಲುಬಾಗಿ ಇರಲಿ, ಉಳಿದದ್ದೆಲ್ಲ ಅದಕ್ಕೆ ಅಂಟಿಕೊಂಡು ಬರಲಿ. ಭಾರತದಲ್ಲಿ ಜಾಸ್ತಿ ಬಳಕೆಯಲ್ಲಿರುವವು ಕ್ಲೆಟ್ ಪ್ರಕಾಶನದ ‘ನೆಟ್ಸ್‌ವೆರ್ಕ್’, ಹ್ಯೂಬರ್‌ನ ‘ಮೆನ್ಶೆನ್’ ಮತ್ತು ‘ಶ್ರಿಟೆ’, ಕಾರ್ನೆಲ್ಸನ್‌ನ ‘ಸ್ಟುಡಿಯೊ’. ಯಾವುದು ಉತ್ತಮ ಎಂದು ತಲೆ ಕೆಡಿಸಿಕೊಳ್ಳಬೇಡಿ, ಎಲ್ಲವೂ ಅದೇ ಎ1, ಎ2 ಚೌಕಟ್ಟಿನ ಪ್ರಕಾರ ಬರೆದವು. ಪಾಠದ ಪುಸ್ತಕ ಮತ್ತು ಅಭ್ಯಾಸದ ಪುಸ್ತಕ ಎರಡೂ ಕೊಳ್ಳಿ. ದೆಹಲಿಯ ಗೋಯಲ್ ಪ್ರಕಾಶನದವರ ಭಾರತೀಯ ಮುದ್ರಣಗಳು ವಿದೇಶದಿಂದ ತರಿಸುವುದಕ್ಕಿಂತ ಅಗ್ಗ. ವಾಟ್ಸ್ಆ್ಯಪ್‌ನಲ್ಲಿ ಓಡಾಡುವ ಪಿಡಿಎಫ್‌ಗೆ ಎಷ್ಟೋ ಸಲ ಆಡಿಯೊ ಇರುವುದಿಲ್ಲ. ಆಡಿಯೊ ಇಲ್ಲದ ಭಾಷಾ ಪುಸ್ತಕದಿಂದ ಅರ್ಧ ಪ್ರಯೋಜನವೂ ಇಲ್ಲ.

ಪುಸ್ತಕದ ಜೊತೆಗೆ ಉಚಿತವಾಗಿ ಸಿಗುವುದರಲ್ಲಿ ನನ್ನ ಮೊದಲ ಆಯ್ಕೆ ಡಾಯ್ಚೆ ವೆಲ್ಲೆ. ಅದು ಜರ್ಮನಿಯ ಅಂತರರಾಷ್ಟ್ರೀಯ ಪ್ರಸಾರ ಸಂಸ್ಥೆ. ಅವರ ‘ನಿಕೋಸ್ ವೇಗ್’ ಎಂಬ ವಿಡಿಯೊ ಸರಣಿ ಎ1ರಿಂದ ಬಿ1ವರೆಗೆ ಕಥೆಯ ರೂಪದಲ್ಲಿ ಸಾಗುತ್ತದೆ, ಪ್ರತಿ ಕಂತಿಗೂ ಅಭ್ಯಾಸಗಳಿವೆ. ಜರ್ಮನಿಯ ವಯಸ್ಕರ ಶಿಕ್ಷಣ ಕೇಂದ್ರಗಳ ಒಕ್ಕೂಟದ ‘ವಿಎಚ್‌ಎಸ್ ಲೆರ್ನ್‌ಪೋರ್ಟಲ್’ ಕೂಡ ಉಚಿತ. ಅದು ಸ್ವಲ್ಪ ಒಣ ಒಣ, ಆದರೆ ಅಚ್ಚುಕಟ್ಟು. ಡುವೊಲಿಂಗೊ ದಿನಾ ಭಾಷೆಯ ಮುಖ ನೋಡಿಸುತ್ತದೆ, ಅಷ್ಟರಮಟ್ಟಿಗೆ ಸರಿ. ಪರೀಕ್ಷೆಗೆ ಅದೊಂದನ್ನೇ ನೆಚ್ಚಿಕೊಂಡು ಹೋಗುವಂತಿಲ್ಲ.

ಬಹಳ ಜನ ಗಮನಿಸದ ಒಂದು ಸಾಮಗ್ರಿ ಗೋಥೆಯವರ ಪದಪಟ್ಟಿ. ಎ1ಕ್ಕೆ ಸುಮಾರು 650 ಪದ, ಎ2ಕ್ಕೆ ಸುಮಾರು 1300, ಬಿ1ಕ್ಕೆ ಸುಮಾರು 2400. ಪ್ರತಿ ಪದಕ್ಕೂ ಉದಾಹರಣೆ ವಾಕ್ಯ ಇದೆ, ಇಳಿಸಿಕೊಳ್ಳಲು ದುಡ್ಡು ಕೊಡಬೇಕಾಗಿಲ್ಲ. ಮಾದರಿ ಪ್ರಶ್ನೆಪತ್ರಿಕೆಗಳೂ ಅಲ್ಲೇ ಇವೆ. ಈ ಪಟ್ಟಿಯನ್ನು ಆಂಕಿ ಎಂಬ ಕಾರ್ಡ್ ತಂತ್ರಾಂಶಕ್ಕೆ ಹಾಕಿಕೊಳ್ಳಿ. ನೀವು ಮರೆಯುವ ಹೊತ್ತಿಗೆ ಸರಿಯಾಗಿ ಅದು ಪದವನ್ನು ಮತ್ತೆ ಮುಂದಿಡುತ್ತದೆ. ಕಾರ್ಡಿನ ಹಿಂಬದಿಯಲ್ಲಿ ಇಂಗ್ಲಿಷ್ ಬರೆಯದೆ ಕನ್ನಡ ಬರೆಯಿರಿ, ವಿಭಕ್ತಿ ಸಮೇತ. ‘ಹೆಲ್ಫೆನ್’ ಹಿಂದೆ ‘ಒಬ್ಬರಿಗೆ ಸಹಾಯ ಮಾಡು’ ಎಂದಿದ್ದರೆ ವ್ಯಾಕರಣವೂ ಜೊತೆಗೇ ಬಂತು.

ನಿಘಂಟಿಗೆ ಶುರುವಿನಲ್ಲಿ ಲಿಯೊ ಅಥವಾ ಪೋನ್ಸ್ ಸಾಕು. ಬಿ1 ದಾಟಿದ ಮೇಲೆ ಡೂಡೆನ್‌ಗೆ ಹೋಗಿ. ಅಲ್ಲಿ ಜರ್ಮನ್ ಪದಕ್ಕೆ ಜರ್ಮನ್‌ನಲ್ಲೇ ಅರ್ಥ. ಪದದ ಎಲ್ಲ ರೂಪಗಳ ಕೋಷ್ಟಕ ಬೇಕಾದರೆ ಜರ್ಮನ್ ವಿಕ್ಷನರಿ ನೋಡಿ. ಗೂಗಲ್ ಟ್ರಾನ್ಸ್‌ಲೇಟ್‌ನಲ್ಲಿ ಕನ್ನಡವೂ ಇದೆ, ಜರ್ಮನ್ನೂ ಇದೆ. ಆದರೆ ಮೊದಲು ನೀವು ಬರೆಯಿರಿ, ಆಮೇಲೆ ಅದಕ್ಕೆ ಕೊಡಿ. ಅದರ ಕೈಲಿ ಬರೆಸಿ ನೀವು ಓದಿಕೊಂಡರೆ ಪರೀಕ್ಷೆಯ ಹಾಲ್‌ನಲ್ಲಿ ಕೈ ಖಾಲಿ.

ಕೇಳುವುದಕ್ಕೆ ಮಂಡ್ಯ–ಮೈಸೂರು ರೈಲಿನಲ್ಲಿ ದಿನಾ ಓಡಾಡುವವರಿಗೆ ಒಳ್ಳೆ ಸಮಯ ಸಿಗುತ್ತದೆ. ಸೀಟು ಸಿಗದಿದ್ದರೂ ಇಯರ್‌ಫೋನ್ ಹಾಕಿಕೊಳ್ಳಬಹುದು. ಎ2 ಆಸುಪಾಸಿನವರಿಗೆ ಡಾಯ್ಚ್‌ಲಾಂಡ್‌ಫುಂಕ್ ರೇಡಿಯೊದವರ ‘ನಾಖ್‌ರಿಷ್ಟೆನ್‌ಲೈಷ್ಟ್’ ಇದೆ, ಸರಳ ಭಾಷೆಯ ಸುದ್ದಿ. ಬಿ1 ದಾಟಿದವರಿಗೆ ಡಾಯ್ಚೆ ವೆಲ್ಲೆಯ ನಿಧಾನವಾಗಿ ಓದುವ ಸುದ್ದಿ. ಅದರ ಪಠ್ಯವೂ ಜೊತೆಗೇ ಸಿಗುತ್ತದೆ. ಮೊದಲು ಪಠ್ಯ ನೋಡದೆ ಕೇಳಿ, ಆಮೇಲೆ ನೋಡಿಕೊಂಡು ಕೇಳಿ. ಯುಟ್ಯೂಬ್‌ನ ‘ಈಸಿ ಜರ್ಮನ್’ನಲ್ಲಿ ಬೀದಿಯ ಜನ ಮಾತಾಡುವುದನ್ನು ಎರಡು ಭಾಷೆಯ ಸಬ್‌ಟೈಟಲ್ ಜೊತೆ ತೋರಿಸುತ್ತಾರೆ. ಪುಸ್ತಕದ ಜರ್ಮನ್‌ಗೂ ಬೀದಿಯ ಜರ್ಮನ್‌ಗೂ ಇರುವ ದೂರ ಅಲ್ಲಿ ಗೊತ್ತಾಗುತ್ತದೆ. ಗೋಥೆಯವರ ‘ಓನ್‌ಲೈಎ’ ಡಿಜಿಟಲ್ ಲೈಬ್ರರಿಯಲ್ಲಿ ನೋಂದಾಯಿಸಿಕೊಂಡರೆ ಇ–ಪುಸ್ತಕ, ಪತ್ರಿಕೆ ಎರವಲು ಸಿಗುತ್ತವೆ. ಗ್ರಿಮ್ ಸಹೋದರರ ಕಥೆಗಳು ಮಕ್ಕಳ ಕಥೆ, ಸುಲಭ ಇರಬೇಕು ಎಂದು ಎ2ರಲ್ಲೇ ಕೈಹಾಕಬೇಡಿ. ಅವು 1812ರಿಂದ ಪ್ರಕಟವಾದವು, ಪದಗಳು ಹಳೆಯವು.

ಮಾತಾಡಲು ಜನ ಇಲ್ಲ ಅನ್ನುವುದು ನಮ್ಮ ಕಡೆಯ ದೊಡ್ಡ ಕೊರತೆ, ಅದು ನಿಜ. ಒಂದೇ ಹಂತದ ಇಬ್ಬರು ಸೇರಿ ವಾರಕ್ಕೆರಡು ಸಲ ಕುಕ್ಕರಹಳ್ಳಿ ಕೆರೆ ಸುತ್ತುತ್ತಾ ಮಾತಾಡಿದರೂ ಆಗುತ್ತದೆ. ತಪ್ಪುತಪ್ಪಾಗಿ ಆಡಿದರೂ ಬಾಯಿ ತಿರುಗುತ್ತದೆ, ತಿದ್ದುವ ಕೆಲಸ ಟೀಚರ್‌ಗೆ ಬಿಡಿ. ಎ1 ಮೌಖಿಕದ ಮೊದಲ ಭಾಗ ಹೇಗೂ ಗೊತ್ತಿರುವುದೇ: ಹೆಸರು, ವಯಸ್ಸು, ದೇಶ, ಊರು, ಭಾಷೆ, ಕೆಲಸ, ಹವ್ಯಾಸ. ಮಧ್ಯೆ ಒಂದು ಪದ ಅಕ್ಷರ ಬಿಡಿಸಿ ಹೇಳಿ ಅನ್ನುತ್ತಾರೆ, ಫೋನ್ ನಂಬರ್ ಕೇಳುತ್ತಾರೆ. ‘ಮೈಸೂರು’ ಅಕ್ಷರ ಬಿಡಿಸುವಾಗ ಎರಡನೇ ಅಕ್ಷರಕ್ಕೆ ‘ವೈ’ ಅನ್ನದೆ ‘ಯುಪ್ಸಿಲಾನ್’ ಅನ್ನಬೇಕು. ಮಂಡ್ಯದವರಿಗೆ ಊರಿನ ಬಗ್ಗೆ ಹೇಳಲು ಸಕ್ಕರೆಯ ಜೊತೆ ಇನ್ನೊಂದು ವಾಕ್ಯ ಸಿಗುತ್ತದೆ: ಕೆಆರ್‌ಎಸ್‌ನ ಬೃಂದಾವನ ರೂಪಿಸುವುದರಲ್ಲಿ ಕೈಯಿದ್ದ ಕೃಂಬೀಗಲ್ ಜರ್ಮನಿಯವರು.

ಕ್ಲಾಸ್ ಸೇರುವ ಮೊದಲು, ಪರೀಕ್ಷೆಗೆ ಹೋಗುವ ಮೊದಲು

ಟ್ಯೂಷನ್‌ಗೆ ಸೇರುವಾಗ ಫೀಸ್‌ಗಿಂತ ಮೊದಲು ಕೇಳಬೇಕಾದ್ದು: ಯಾವ ಪುಸ್ತಕ, ಒಂದು ಹಂತಕ್ಕೆ ಒಟ್ಟು ಎಷ್ಟು ಗಂಟೆ, ಒಂದು ಬ್ಯಾಚಿನಲ್ಲಿ ಎಷ್ಟು ಜನ, ಕಲಿಸುವವರು ಯಾವ ಹಂತ ಪಾಸಾಗಿದ್ದಾರೆ. ಬಿ1 ಪಾಸಾದವರು ಬಿ1 ಕಲಿಸುತ್ತೇನೆ ಅಂದರೆ ಯೋಚನೆ ಮಾಡಿ. ಒಂದು ಡೆಮೊ ಕ್ಲಾಸ್‌ನಲ್ಲಿ ಕೂತು, ಟೀಚರ್ ಎಷ್ಟು ಹೊತ್ತು ಜರ್ಮನ್‌ನಲ್ಲಿ ಮಾತಾಡಿದರು, ವಿದ್ಯಾರ್ಥಿಗಳ ಬಾಯಿ ಎಷ್ಟು ಹೊತ್ತು ತೆರೆದಿತ್ತು ಎಂದು ನೋಡಿದರೆ ಉಳಿದದ್ದು ಗೊತ್ತಾಗುತ್ತದೆ.

ಗೋಥೆ ಪರೀಕ್ಷೆಗೆ ನಮಗೆ ಹತ್ತಿರದ ಜಾಗ ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನ. ಗೋಥೆ ಇನ್‌ಸ್ಟಿಟ್ಯೂಟ್‌ಗೆ ಭಾರತದಲ್ಲಿ ಇರುವ ಹೆಸರು ಅದು. ಎ1ರಲ್ಲಿ ಕೇಳುವುದು ಸುಮಾರು 20 ನಿಮಿಷ, ಓದುವುದು 25, ಬರೆಯುವುದು 20, ಮಾತು 15. ಪಾಸಾಗಲು ನೂರಕ್ಕೆ 60. ಬಿ1ರಲ್ಲಿ ಈ ನಾಲ್ಕೂ ಬೇರೆ ಬೇರೆ ಮಾಡ್ಯೂಲ್, ಪ್ರತಿಯೊಂದರಲ್ಲೂ 60 ಬೇಕು. ಒಂದರಲ್ಲಿ ಹೋದರೆ ಅದೊಂದನ್ನೇ ಮತ್ತೆ ಬರೆಯಬಹುದು, ಹಾಗಾಗಿ ಬರವಣಿಗೆ ಕೈಕೊಟ್ಟಿತು ಎಂದು ಪೂರ್ತಿ ಫೀಸ್ ಮತ್ತೆ ಕಟ್ಟಲು ಓಡಬೇಡಿ. ಜರ್ಮನಿಯಲ್ಲಿ ಓದಲು ಹೋಗುವವರು ಎಪಿಎಸ್ ಎಂಬ ಅಂಕಪಟ್ಟಿ ಪರಿಶೀಲನೆಯ ಪತ್ರವನ್ನೂ ಮಾಡಿಸಬೇಕು. 2022ರ ನವೆಂಬರ್‌ನಿಂದ ವಿದ್ಯಾರ್ಥಿ ವೀಸಾಕ್ಕೆ ಅದು ಬೇಕು. ಭಾಷೆ ಕಲಿಯುತ್ತಿರುವಾಗಲೇ ಅದಕ್ಕೂ ಅರ್ಜಿ ಹಾಕಿಡಿ.

ಪರೀಕ್ಷೆಗೆ ಆನ್‌ಲೈನ್‌ನಲ್ಲಿ ಹೆಸರು ನೋಂದಾಯಿಸುವಾಗ ಹಳೇ ಮೈಸೂರು ಕಡೆಯವರು ಒಂದು ವಿಷಯ ನೋಡಿಕೊಳ್ಳಬೇಕು. ನಮ್ಮ ಹೆಸರಿನ ಹಿಂದೆ ಮುಂದೆ ಊರು, ತಂದೆಯ ಹೆಸರಿನ ಇನಿಷಿಯಲ್ ಇರುತ್ತವೆ. ಅಂಕಪಟ್ಟಿಯಲ್ಲಿ ಒಂದು ಥರ, ಆಧಾರ್‌ನಲ್ಲಿ ಇನ್ನೊಂದು ಥರ, ಪಾಸ್‌ಪೋರ್ಟ್‌ನಲ್ಲಿ ಇನಿಷಿಯಲ್ ಬಿಡಿಸಿ ಮತ್ತೊಂದು ಥರ. ಜರ್ಮನ್ ಕಚೇರಿಗಳು ನೋಡುವುದು ಪಾಸ್‌ಪೋರ್ಟ್. ನೋಂದಣಿಯಲ್ಲಿ ಅದರಲ್ಲಿ ಇರುವ ಹಾಗೇ, ಮೊದಲ ಹೆಸರಿನ ಜಾಗದಲ್ಲಿ ಮೊದಲ ಹೆಸರು, ಸರ್‌ನೇಮ್ ಜಾಗದಲ್ಲಿ ಸರ್‌ನೇಮ್ ಬರೆಯಿರಿ. ಪಾಸ್‌ಪೋರ್ಟ್ ಇನ್ನೂ ಮಾಡಿಸಿಲ್ಲದಿದ್ದರೆ ಮೊದಲು ಅದನ್ನು ಮಾಡಿಸಿ, ಪರೀಕ್ಷೆಗೆ ಆಮೇಲೆ ಹೆಸರು ಕೊಡಿ.